ಮಾತಿನೊಳಗಿನ ಹಕ್ಕು

ವಿಜಯಪುರ ಜಿಲ್ಲೆಯ ಸಾರವಾಡ ಡೋಣಿ ನದಿಯ ಸೀಮೆಯ ಊರು. ಎರೆಮಣ್ಣಿನಲ್ಲಿ ಬಿಳಿಜೋಳ ಬೆಳೆಯುವ ಈ ನಾಡಿನಲ್ಲಿ ದುಡಿಮೆಯ ಮಾತುಗಳಿಗೆ ಹಿಂದೆಯೂ ಕೊರತೆಯಿರಲಿಲ್ಲ. ದಿನದ ದುಡಿಮೆಗೆ ದೊರೆಯುವುದು ಕೂಲಿ. ಬಡಿಗ, ಕಂಬಾರರಿಗೆ ರಾಶಿಯ ಕಾಲದಲ್ಲಿ ಕಣದಿಂದ ಸಲ್ಲುತ್ತಿದ್ದ ಕಾಳು ಆಯ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ತೀರಿಸುವುದು ಮುಯ್ಯಿ. ಇವುಗಳ ಅರ್ಥವನ್ನು ಯಾರೂ ನಿಘಂಟಿನಲ್ಲಿ ಹುಡುಕಬೇಕಾಗಿರಲಿಲ್ಲ.

ಹಾಗೆಂದು ತಿಳಿದ ಮಾತುಗಳೆಲ್ಲ ಒಳ್ಳೆಯವೆಂದಲ್ಲ. 'ಜೀತ'ವು 'ಜೀವಿತ'ದ ತದ್ಭವ; ಬದುಕಿಗೆ ಆಧಾರವಾದ ಸಂಬಳವೆಂಬ ಅರ್ಥ ಅದಕ್ಕಿತ್ತು. ಅದೇ ಪದ ಸಾಲಕ್ಕೆ ಸಿಕ್ಕಿದ ಮನುಷ್ಯನ ಕೊರಳಿಗೆ ನೊಗವಾಯಿತು. ಆ ಪದ್ಧತಿಯನ್ನು ಅಳಿಸಲು 1976ರಲ್ಲಿ ಕಾಯ್ದೆಯೇ ಬೇಕಾಯಿತು. ಪರಭಾಷೆಯ ಮಾತುಗಳೆಲ್ಲ ಕೆಟ್ಟವೆಂದೂ ಅಲ್ಲ. ನಮ್ಮ ಮನೆಮಾತಾದ 'ಪಗಾರ' ಪೋರ್ಚುಗೀಸರಿಂದ ಬಂದುದು.

ಇಂದು ನಮ್ಮ ತರುಣರು ಪುಣೆ, ಗೋವಾ, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತಾರೆ. ಅವರು ಸಹಿ ಹಾಕುವ ಕಾಗದದ ತುಂಬ ಇಂಗ್ಲಿಷ್ ಪದಗಳು. ಪ್ರೊಬೇಷನ್ ಎಂದರೆ ಕೆಲಸ ಕಾಯಂ ಆಗುವುದಕ್ಕೆ ಮೊದಲಿನ ಪರೀಕ್ಷೆಯ ಅವಧಿ. ಔಟ್‌ಸೋರ್ಸಿಂಗ್ ಎಂದರೆ ಹೊರಗುತ್ತಿಗೆ. ದುಡಿಯುವುದು ಒಬ್ಬರಲ್ಲಿ, ಪಗಾರ ಕೊಡುವವರು ಇನ್ನೊಬ್ಬರು. ಓವರ್‌ಟೈಮ್ ಬರಿಯ ಹೆಚ್ಚಿನ ದುಡಿಮೆಯಲ್ಲ. ಅದಕ್ಕೆ ಇಮ್ಮಡಿ ಕೂಲಿ ಸಲ್ಲಬೇಕೆಂದು 1948ರ ಕಾರ್ಖಾನೆ ಕಾಯ್ದೆ ಗೊತ್ತುಮಾಡಿತು. ಪದದ ಅರ್ಥವನ್ನು ಅರಿಯದವನಿಗೆ ಅದರೊಳಗಿನ ಹಕ್ಕೂ ಕಾಣದು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ದೂರದ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದು, ಕೆಲಸ ಬಿಟ್ಟು ಊರಿಗೆ ಮರಳಿದ್ದ. ಅವನ ಕೈಯಲ್ಲಿದ್ದ ಲೆಕ್ಕದ ಕಾಗದದಲ್ಲಿ 'ಗ್ರಾಚುಯಿಟಿ' ಎಂಬ ಪದದ ಮುಂದೆ ಏನನ್ನೂ ಬರೆದಿರಲಿಲ್ಲ.

"ಇದರ ಬಗ್ಗೆ ಕೇಳಲಿಲ್ಲವೇನಪ್ಪಾ?" ಎಂದೆ.

"ಅದು ಸಾಹುಕಾರರು ಖುಷಿಯಿಂದ ಕೊಡೂದಂತರೀ ಸರ್. ಕೊಡಲಿಲ್ಲಂದ್ರ ಹೆಂಗ ಕೇಳೂದ್ರಿ?" ಎಂದ.

ಅವನದು ತಪ್ಪೆನ್ನುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೆಚ್ಚಿ ಕೊಡುವ ಇನಾಮು ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ಅದನ್ನು 'ಉಪದಾನ' ಎನ್ನುತ್ತಾರೆ. ಅಲ್ಲಿಯೂ ದಾನ ಅಡಗಿ ಕುಳಿತಿದೆ! ಆದರೆ 1972ರ ಕಾಯ್ದೆ ಆ ದಾನವನ್ನು ಹಕ್ಕಾಗಿ ಮಾರ್ಪಡಿಸಿತು. ಐದು ವರ್ಷ ಎಡೆಬಿಡದೆ ದುಡಿದು ಕೆಲಸ ಬಿಟ್ಟವನಿಗೆ, ಪ್ರತಿ ವರ್ಷದ ದುಡಿಮೆಗೆ ಹದಿನೈದು ದಿನಗಳ ಪಗಾರ ಸಲ್ಲಬೇಕು. ಅವನು ಅರ್ಜಿ ಕೊಡದಿದ್ದರೂ ಲೆಕ್ಕಮಾಡಿ ತಿಳಿಸುವುದು ಮಾಲೀಕನ ಹೊಣೆ. 15 ದಿನಗಳ ಈ ಲೆಕ್ಕವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿತು.

ಇಬ್ಬರೂ ಕುಳಿತು ಲೆಕ್ಕಹಾಕಿದೆವು. ಅವನ ಕೊನೆಯ ಪಗಾರ ತಿಂಗಳಿಗೆ 10,400 ರೂಪಾಯಿ. ಕಾಯ್ದೆಯಂತೆ 26ರಿಂದ ಭಾಗಿಸಿದರೆ ದಿನಕ್ಕೆ 400. ಹದಿನೈದು ದಿನಕ್ಕೆ 6,000. ಹತ್ತು ವರ್ಷಕ್ಕೆ 60,000. ಆ ಸಂಖ್ಯೆಯನ್ನು ಅವನು ಬಹಳ ಹೊತ್ತು ನೋಡುತ್ತಲೇ ಇದ್ದ. ಅಂದೇ ಅರ್ಜಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆವು. ಎರಡು ತಿಂಗಳಲ್ಲಿ ಹಣ ಬಂದಿತು.

ಹಣ ಬಂದ ಸುದ್ದಿ ಹೇಳಲು ಬಂದವನು ತಮ್ಮನನ್ನೂ ಜೊತೆಗೆ ಕರೆತಂದಿದ್ದ. ತಮ್ಮನ ಕೈಯಲ್ಲಿ ಹೊಸ ಕೆಲಸದ ಕಾಗದವಿತ್ತು. "ಇನ್ನೂ ಸಹಿ ಮಾಡಿಲ್ರೀ ಸರ್. ಮೊದಲ ಇದರಾಗಿನ ಒಂದೊಂದು ಮಾತಿನ ಅರ್ಥ ಹೇಳ್ರಿ" ಎಂದ.

ನಾನು ಕನ್ನಡಕ ಹಾಕಿಕೊಂಡೆ. ನಲವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.