ನಾಯಿಮರಿಗೆ ಕ್ಯಾಲ್ಸಿಯಂ ಕೊಟ್ಟರೆ ಬೇಗ ನಡೆಯುತ್ತದೆಯೇ?

ಪ್ರಶ್ನೆ: ಕರು ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ಕೆಚ್ಚಲಿಗೆ ಬಾಯಿ ಹಾಕುತ್ತದೆ. ನಮ್ಮ ಮನೆಯ ನಾಯಿಮರಿಗಳು ಹತ್ತು ದಿನವಾದರೂ ತೆವಳುತ್ತಲೇ ಇವೆ. ಸ್ನಾಯುಗಳ ಕೆಲಸಕ್ಕೆ ಕ್ಯಾಲ್ಸಿಯಂ ಬೇಕಂತೆ. ಟಾನಿಕ್ ಹಾಕಿದರೆ ಬೇಗ ನಡೆದಾವೇ?

ಉತ್ತರ: ಇಲ್ಲ. ಮರಿಯ ಸ್ನಾಯುವಿಗೆ ಕ್ಯಾಲ್ಸಿಯಂ ಕೊರತೆಯಿಲ್ಲ. ಅದನ್ನು ಚಕಚಕನೆ ಬಿಟ್ಟು, ಹಾಗೆಯೇ ಹಿಂದಕ್ಕೆಳೆದುಕೊಳ್ಳುವ ವ್ಯವಸ್ಥೆ ಇನ್ನೂ ಬಲಿತಿಲ್ಲ.

ಸ್ನಾಯುಕೋಶ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಗಿನ ಉಗ್ರಾಣದಲ್ಲಿ ಇಟ್ಟುಕೊಂಡಿರುತ್ತದೆ. ನರದ ಆಜ್ಞೆ ಬಂದೊಡನೆ ವಿದ್ಯುತ್ ಸಂಕೇತ ಟಿ-ನಳಿಕೆಗಳೆಂಬ ಸೂಕ್ಷ್ಮ ಕೊಳವೆಗಳ ಮೂಲಕ ಕೋಶದ ಆಳಕ್ಕಿಳಿಯುತ್ತದೆ. ಉಗ್ರಾಣದ ಬಾಗಿಲುಗಳಂತಿರುವ ರಯನೋಡಿನ್ ಗ್ರಾಹಕಗಳು ತೆರೆದುಕೊಂಡು ಕ್ಯಾಲ್ಸಿಯಂ ಹೊರನುಗ್ಗುತ್ತದೆ, ಟ್ರೋಪೋನಿನ್ ಪ್ರೋಟೀನಿಗೆ ಅಂಟುತ್ತದೆ, ಸ್ನಾಯು ಬಿಗಿಯುತ್ತದೆ. ಸರ್ಕಾ ಎಂಬ ಪಂಪ್ ಅದನ್ನು ಮತ್ತೆ ಒಳಗೆ ತುಂಬಿದಾಗ ಸಡಿಲಗೊಳ್ಳುತ್ತದೆ.

ಪ್ರಯೋಗಾಲಯದ ಇಲಿಮರಿಗಳಲ್ಲಿ ಇದರ ಬೆಳವಣಿಗೆಯನ್ನು ವಿವರವಾಗಿ ನೋಡಿದ್ದಾರೆ. ಹುಟ್ಟಿದಾಗ ಟಿ-ನಳಿಕೆಗಳು ಹೆಚ್ಚಾಗಿ ನಾರಿನುದ್ದಕ್ಕೆ ಅಸ್ತವ್ಯಸ್ತವಾಗಿ ಸಾಗಿರುತ್ತವೆ. ಸುಮಾರು 3 ವಾರಗಳಲ್ಲಿ ಅವು ಅಡ್ಡಡ್ಡಲಾಗಿ, ಸಾಲಾಗಿ ಜೋಡಣೆಯಾಗುತ್ತವೆ. ಪಂಪ್ ಕೂಡ ಮೊದಲು ಎಳೆಯ ರೂಪದ್ದು, ಪ್ರಮಾಣವೂ ಕಡಿಮೆ. ಬೆಳೆದಂತೆ ವಯಸ್ಕ ರೂಪ ಅದರ ಜಾಗ ಹಿಡಿಯುತ್ತದೆ. ಅಲ್ಲಿಯವರೆಗೆ ಸ್ನಾಯು ಬಿಗಿಯುವುದೂ ನಿಧಾನ, ಸಡಿಲಗೊಳ್ಳುವುದೂ ನಿಧಾನ.

ಇದರಲ್ಲಿ ನರದ ಪಾತ್ರವೂ ದೊಡ್ಡದು. ಬುಲ್ಲರ್ ಮತ್ತು ಎಕಲ್ಸ್ ತಂಡ 1960ರಲ್ಲಿ ತೋರಿಸಿದಂತೆ, ಆಗತಾನೇ ಹುಟ್ಟಿದ ಬೆಕ್ಕಿನ ಮರಿಯ ಕಾಲಿನ ಸ್ನಾಯುಗಳೆಲ್ಲ ನಿಧಾನದವೇ. ಕೆಲವು ಮಾತ್ರ ವಾರಗಳು ಕಳೆದಂತೆ ಚುರುಕಾಗುತ್ತವೆ. ಚುರುಕು ಸ್ನಾಯುವಿನ ನರವನ್ನೂ ನಿಧಾನ ಸ್ನಾಯುವಿನ ನರವನ್ನೂ ಅದಲುಬದಲು ಮಾಡಿ ಹೊಲಿದಾಗ ಸ್ನಾಯುಗಳ ವೇಗವೂ ಬದಲಾಯಿತು.

ಹಾಗಾದರೆ ಕರು? ಅದು ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳಿದ್ದು, ಈ ಕೆಲಸದ ಬಹುಪಾಲನ್ನು ಮುಗಿಸಿಕೊಂಡೇ ಹೊರಬರುತ್ತದೆ. ನಾಯಿಯ ಗರ್ಭಾವಧಿ ಬರೀ ಎರಡು ತಿಂಗಳು. ಮರಿಯ ಕಣ್ಣು ತೆರೆಯಲೇ ಎರಡು ವಾರ ಬೇಕು. ಮಿದುಳು, ನರಗಳೂ ಇನ್ನೂ ಬೆಳೆಯುತ್ತಿರುತ್ತವೆ. ಮೂರನೇ ವಾರದ ಹೊತ್ತಿಗೆ ತೂರಾಡುತ್ತ ಹೆಜ್ಜೆಯಿಡುತ್ತದೆ.

ಹೀಗಾಗಿ ಟಾನಿಕ್ ಬೇಡ, ತಾಯಿಯ ಹಾಲೇ ಸಾಕು. ಹೆಚ್ಚುವರಿ ಕ್ಯಾಲ್ಸಿಯಂ ದೊಡ್ಡ ತಳಿಯ ಮರಿಗಳ ಮೂಳೆಯನ್ನೇ ಕೆಡಿಸಬಹುದು. ತಾಯಿನಾಯಿಯ ಮೇಲೆ ಮಾತ್ರ ಕಣ್ಣಿಡಿ: ಹಾಲೂಡಿಸುವಾಗ ಅದು ನಡುಗಿದರೆ, ಕಾಲು ಸೆಟೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು. ಆಗ ತಡಮಾಡದೆ ಪಶುವೈದ್ಯರ ಬಳಿ ಕರೆದೊಯ್ಯಿರಿ. ನಾಲ್ಕು ವಾರ ಕಳೆದರೂ ಮರಿ ಎದ್ದು ನಿಲ್ಲದಿದ್ದರೆ ಅದನ್ನೂ ಅವರಿಗೆ ತೋರಿಸಿ.