ಪರದೆಯಲ್ಲಿ ಸೊನ್ನೆ, ಪೆನ್ನು ಬೇರೆಡೆ: ಸ್ಟೆಪ್ಪರ್ ಮೋಟಾರಿನ ತಪ್ಪಿದ ಹೆಜ್ಜೆಗಳ ಪಾಠ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಬಲ ಮತ್ತು ಚಲನೆಯ ನಿಯಮಗಳು (ಅನ್ವಯ ಪಾಠ)
ಅವಧಿ: 80 ನಿಮಿಷ (ಜೋಡಿ ಅವಧಿ)
ಮಾದರಿ: 5ಇ

ಹಿನ್ನೆಲೆ

ಬೋಧನಾಭ್ಯಾಸದ ಶಾಲೆಯಲ್ಲಿ ಮಕ್ಕಳೇ ಪ್ಲೈವುಡ್‌ನಿಂದ ಕಟ್ಟಿದ ಸಣ್ಣ ಸಿಎನ್‌ಸಿ ಯಂತ್ರವಿದೆ. ಆರ್ಡುಯಿನೊ ಊನೊ, ಎ4988 ಡ್ರೈವರ್‌ಗಳು, ನೆಮಾ 17 ಸ್ಟೆಪ್ಪರ್ ಮೋಟಾರ್‌ಗಳು, ಜಿಆರ್‌ಬಿಎಲ್ ತಂತ್ರಾಂಶ. ಕತ್ತರಿಸುವ ಸ್ಪಿಂಡಲ್‌ನ ಜಾಗದಲ್ಲಿ ಪೆನ್ನು ಕಟ್ಟಲಾಗಿದೆ. ಚೌಕ ಬರೆಯಲು ಹೇಳಿದರೆ ಕೊನೆಯ ಗೆರೆ ಮೊದಲ ಗೆರೆಯನ್ನು ಸೇರುತ್ತಿರಲಿಲ್ಲ. ಮಕ್ಕಳು ಡ್ರೈವರ್‌ನ ಕರೆಂಟ್ ತಿರುಪನ್ನು ಒಂದಿಷ್ಟು ತಿರುಗಿಸಿ ಮತ್ತೆ ಓಡಿಸುತ್ತಿದ್ದರು. ಕೆಲವೊಮ್ಮೆ ಸರಿಹೋಗುತ್ತಿತ್ತು. ಏಕೆ ಸರಿಹೋಯಿತು ಎಂದರೆ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಪಾಠವಾಗಿ ಯೋಜಿಸಿದೆ.

ಕಲಿಕಾ ಫಲಗಳು

1. ಯಂತ್ರ ಎಣಿಸುವುದು ಆಜ್ಞೆಗಳನ್ನೇ ಹೊರತು ಚಲನೆಯನ್ನಲ್ಲ ಎಂಬುದನ್ನು ವಿವರಿಸುವರು.
2. ವೇಗೋತ್ಕರ್ಷ, ರಾಶಿ ಮತ್ತು ಬಲದ ಸಂಬಂಧವನ್ನು ಮೋಟಾರಿಗೆ ಅನ್ವಯಿಸುವರು.
3. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ದೋಷದ ಕಾರಣ ಪತ್ತೆಹಚ್ಚುವರು.

ತೊಡಗಿಸಿಕೊಳ್ಳುವಿಕೆ (10 ನಿಮಿಷ)

ಒಬ್ಬ ವಿದ್ಯಾರ್ಥಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚಪ್ಪಾಳೆ ತಟ್ಟಿ ಎಣಿಸುತ್ತಾನೆ. ಇನ್ನೊಬ್ಬಳು ಪ್ರತಿ ಚಪ್ಪಾಳೆಗೆ ನೆಲದ ಒಂದು ಟೈಲ್ಸ್ ದಾಟುತ್ತಾಳೆ. ಹನ್ನೆರಡು ಚಪ್ಪಾಳೆ ಮುಂದಕ್ಕೆ, ಹನ್ನೆರಡು ಹಿಂದಕ್ಕೆ. ನಿಧಾನವಾಗಿ ತಟ್ಟಿದಾಗ ಆಕೆ ಹೊರಟಲ್ಲಿಗೇ ಬಂದು ನಿಲ್ಲುತ್ತಾಳೆ. ಮುಂದಕ್ಕೆ ಹೋಗುವಾಗ ಮಾತ್ರ ಚಪ್ಪಾಳೆಯ ವೇಗ ಹೆಚ್ಚಿಸಿದರೆ ಒಂದೆರಡು ಟೈಲ್ಸ್ ತಪ್ಪುತ್ತವೆ. ವಾಪಸು ಬರುವಾಗ ಹೊರಟ ಜಾಗವನ್ನೇ ದಾಟಿಹೋಗುತ್ತಾಳೆ. ತಟ್ಟಿದವನನ್ನು ಕೇಳಿದರೆ ಆಗಲೂ "ಹೊರಟ ಜಾಗದಲ್ಲೇ ಇದ್ದಾಳೆ" ಎನ್ನುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ನೋಡುವ ಕಣ್ಣಿಲ್ಲ, ಅಷ್ಟೆ. ನಮ್ಮ ಯಂತ್ರದಲ್ಲೂ ಮೋಟಾರ್ ನಿಜವಾಗಿ ತಿರುಗಿತೇ ಎಂದು ನೋಡುವ ಸಂವೇದಕವಿಲ್ಲ.

ಅನ್ವೇಷಣೆ (25 ನಿಮಿಷ)

ಮೊದಲು ಯಂತ್ರಕ್ಕೆ ಮೂರು ಸಾಕ್ಷಿಗಳನ್ನು ಒದಗಿಸಿದೆವು. ಹಾಳೆಯ ಮೇಲೆ ಪೆನ್ನಿನ ಆರಂಭದ ಗುರುತು ಒಂದನೆಯದು. ಲೀಡ್ ಸ್ಕ್ರೂನ ತೆರೆದ ತುದಿಗೆ ಅಂಟಿಸಿದ ಕಾಗದದ ಬಾವುಟ ಎರಡನೆಯದು. ಅದರ ಹಿಂದೆ ಎರಡು ಕೋನಮಾಪಕಗಳನ್ನು ಜೋಡಿಸಿದ ಪೂರ್ಣ ವೃತ್ತವಿದೆ. ಮೋಟಾರಿನ ದಂಡ, ಕಪ್ಲರ್ ಮತ್ತು ಸ್ಕ್ರೂ ಮೇಲೆ ಮಾರ್ಕರ್‌ನಿಂದ ಎಳೆದ ನೇರ ಗೆರೆ ಮೂರನೆಯದು.

ಎಕ್ಸ್ ಅಕ್ಷವನ್ನು 100 ಮಿ.ಮೀ. ಹೋಗಿ ಬರುವಂತೆ ಹತ್ತು ಸಲ ಓಡಿಸಿದಾಗ ಪರದೆ ಸೊನ್ನೆ ತೋರಿಸುತ್ತದೆ. ಆಗ ಸಾಕ್ಷಿಗಳನ್ನು ಓದಬೇಕು:

- ಬಾವುಟವೂ ಪೆನ್ನೂ ಸರಿದಿವೆ, ಮಾರ್ಕರ್ ಗೆರೆ ನೇರವಾಗಿದೆ: ಮೋಟಾರೇ ಹೆಜ್ಜೆ ತಪ್ಪಿದೆ.
- ಮಾರ್ಕರ್ ಗೆರೆ ಮುರಿದಿದೆ: ಕಪ್ಲರ್‌ನ ತಿರುಪು ಸಡಿಲ.
- ಬಾವುಟ ಸರಿಯಾಗಿದೆ, ಪೆನ್ನು ಮಾತ್ರ ಸರಿದಿದೆ: ನಟ್ ಅಥವಾ ಪೆನ್ನಿನ ಹಿಡಿ ಸಡಿಲ.
- ಎಲ್ಲವೂ ಆರಂಭದ ಗುರುತಿಗೆ ಮರಳುತ್ತವೆ, ಆದರೆ ಗೆರೆಯ ಉದ್ದ 100 ಮಿ.ಮೀ. ಇಲ್ಲ: ಪ್ರತಿ ಮಿ.ಮೀ.ಗೆ ಇಷ್ಟು ಹೆಜ್ಜೆ ಎಂಬ ಸೆಟ್ಟಿಂಗ್ ($100) ತಪ್ಪು.

ಮೋಟಾರೇ ಹೆಜ್ಜೆ ತಪ್ಪಿದೆ ಎಂದು ಖಚಿತವಾದ ಮೇಲೆ ನಾಲ್ಕು ಗುಂಪುಗಳಿಗೆ ಒಂದೊಂದು ಅಂಶ ಕೊಟ್ಟೆ: ವೇಗ ($110), ವೇಗೋತ್ಕರ್ಷ ($120), ಹೊರೆ, ಕರೆಂಟ್. ನಿಯಮಗಳು ಮೂರು. ಒಮ್ಮೆಗೆ ಒಂದೇ ಬದಲಾವಣೆ, ಓಡಿಸುವ ಮೊದಲು ಊಹೆ ಬರೆಯುವುದು, ಮುಗಿದ ಮೇಲೆ ಮೂಲ ಸೆಟ್ಟಿಂಗ್‌ಗೆ ಮರಳುವುದು.

ಒಂದು ಗುಂಪು ವೇಗವನ್ನೂ ವೇಗೋತ್ಕರ್ಷವನ್ನೂ ಒಟ್ಟಿಗೆ ತಗ್ಗಿಸಿ, "ಸರಿಹೋಯ್ತು ಮಿಸ್" ಎಂದಿತು. "ಯಾವುದರಿಂದ?" ಎಂದು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂತರ ವೇಗವನ್ನು ಮಾತ್ರ ಮೊದಲಿನ ಮಟ್ಟಕ್ಕೆ ಏರಿಸಿದರು, ಹೆಜ್ಜೆ ತಪ್ಪಲಿಲ್ಲ. ವೇಗೋತ್ಕರ್ಷವನ್ನು ಏರಿಸಿದೊಡನೆ ತಪ್ಪಿತು. ಕಾರಣ ಸಿಕ್ಕಿದ್ದು ಆಗ.

ವಿವರಣೆ (20 ನಿಮಿಷ)

ಈ ಮೋಟಾರಿನ ಒಂದು ಪೂರ್ಣ ಹೆಜ್ಜೆ 1.8°, ಸುತ್ತಿಗೆ 200 ಹೆಜ್ಜೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ. ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಸಾಗಿಸುತ್ತದೆ. ಹಾಗಾಗಿ 200 × 16 ÷ 8 = 400; ಪ್ರತಿ ಮಿ.ಮೀ.ಗೆ 400 ಸಂಕೇತ.

ರೋಟರಿನಲ್ಲಿ 50 ಹಲ್ಲುಗಳಿವೆ. ಅದು ಜಾರಿದರೆ ಒಂದು ಹಲ್ಲಿನಷ್ಟು, ಅಂದರೆ 360 ÷ 50 = 7.2° ಜಾರಿ ಮುಂದಿನ ಸ್ಥಿರ ಸ್ಥಾನದಲ್ಲಿ ಕೂರುತ್ತದೆ. ಇದು ನಾಲ್ಕು ಪೂರ್ಣ ಹೆಜ್ಜೆ, ಸ್ಕ್ರೂ ಮೇಲೆ 0.16 ಮಿ.ಮೀ. ಹೀಗಾಗಿ ರೋಟರ್ ಜಾರಿದ್ದರೆ ಬಾವುಟದ ಪಲ್ಲಟ 7.2°ರ ಅಪವರ್ತ್ಯವಾಗಿರುತ್ತದೆ. ಹಾಗಿಲ್ಲದಿದ್ದರೆ ಕಪ್ಲರನ್ನೋ ಸಂಕೇತದ ತಂತಿಯನ್ನೋ ಅನುಮಾನಿಸಬೇಕು.

ಹೊರಡುವಾಗ ಹೆಜ್ಜೆ ತಪ್ಪುವುದಕ್ಕೆ ನ್ಯೂಟನ್ನನ ಎರಡನೇ ನಿಯಮವೇ ಸಾಕು: ರಾಶಿ ಅಥವಾ ವೇಗೋತ್ಕರ್ಷ ಹೆಚ್ಚಾದಷ್ಟೂ ಹೆಚ್ಚು ಬಲ ಬೇಕು. ವೇಗವಾಗಿ ಓಡುವಾಗ ತಪ್ಪುವುದಕ್ಕೆ ಕಾರಣ ಬೇರೆ. ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ಮೋಟಾರ್ 375 ಸುತ್ತು ತಿರುಗುತ್ತದೆ. ಒಂದು ಪೂರ್ಣ ಹೆಜ್ಜೆಗೆ ಸಿಗುವುದು 0.8 ಮಿಲಿಸೆಕೆಂಡ್. ಅಷ್ಟರಲ್ಲಿ ಸುರುಳಿಯಲ್ಲಿ ಕರೆಂಟ್ ಪೂರ್ತಿ ಏರಲು ಸಮಯ ಸಾಲುವುದಿಲ್ಲ, ತಿರುಗಿಸುವ ಬಲ ಕುಗ್ಗುತ್ತದೆ.

ಕರೆಂಟಿನ ವಿಷಯದಲ್ಲಿ ಮಕ್ಕಳ ನಂಬಿಕೆ "ಹೆಚ್ಚಿದಷ್ಟೂ ಒಳ್ಳೆಯದು" ಎಂಬುದು. ಕಡಿಮೆಯಾದರೆ ಬಲ ಸಾಲದು, ನಿಜ. ಅತಿಯಾದರೆ ಡ್ರೈವರ್ ಕಾದು ತನ್ನನ್ನು ತಾನೇ ನಿಲ್ಲಿಸಿಕೊಂಡು, ತಣಿದ ಮೇಲೆ ಮತ್ತೆ ಶುರುವಾಗುತ್ತದೆ. ಆ ನಡುವೆ ಹೆಜ್ಜೆಗಳು ತಪ್ಪುತ್ತವೆ. ಒಂದೇ ಲಕ್ಷಣಕ್ಕೆ ವಿರುದ್ಧವಾದ ಎರಡು ಕಾರಣಗಳು. ತಿರುಪನ್ನು ಊಹೆಯಿಂದ ತಿರುಗಿಸಬಾರದು ಎನ್ನುವುದು ಇದಕ್ಕೇ. 0.1 ಓಮ್ ಸಂವೇದಕ ರೋಧಕವಿರುವ ಎ4988 ಬೋರ್ಡಿನಲ್ಲಿ 1 ಆಂಪಿಯರ್ ಮಿತಿಗೆ ಉಲ್ಲೇಖ ವೋಲ್ಟೇಜ್ 0.8 ವೋಲ್ಟ್ ಇರಬೇಕು. ಅದನ್ನು ಮಲ್ಟಿಮೀಟರಿನಲ್ಲಿ ಅಳೆಯಬಹುದು. ರೋಧಕದ ಬೆಲೆ ಬೋರ್ಡಿನಿಂದ ಬೋರ್ಡಿಗೆ ಬದಲಾಗುವುದರಿಂದ ಮೊದಲು ಅದನ್ನು ಓದಬೇಕು.

ವಿಸ್ತರಣೆ (15 ನಿಮಿಷ)

"ಎಷ್ಟು ತಪ್ಪಿತು?" ಎಂಬುದರಷ್ಟೇ "ಯಾವಾಗ ತಪ್ಪಿತು?" ಎಂಬ ಪ್ರಶ್ನೆಯೂ ಮುಖ್ಯ. ಮಕ್ಕಳು ಕಪ್ಪುಹಲಗೆಯ ಮೇಲೆ ತುಂಬಿಸಿದ ಪಟ್ಟಿ ಇದು:

- ಹೊರಡುವಾಗ, ದಿಕ್ಕು ಬದಲಿಸುವಾಗ: ವೇಗೋತ್ಕರ್ಷ ಹೆಚ್ಚು
- ಉದ್ದನೆಯ ವೇಗದ ಓಟದಲ್ಲಿ: ವೇಗ ಹೆಚ್ಚು
- ಪ್ರತಿ ಸಲ ಒಂದೇ ಜಾಗದಲ್ಲಿ: ಸ್ಕ್ರೂ ಬಾಗಿದೆ ಅಥವಾ ಕಸ ಸಿಕ್ಕಿದೆ
- ಸ್ವಲ್ಪ ಹೊತ್ತು ಸರಿಯಾಗಿ ಓಡಿದ ಮೇಲೆ: ಡ್ರೈವರ್ ಕಾದಿದೆ

ಮೌಲ್ಯಮಾಪನ (10 ನಿಮಿಷ)

1. ಬಾವುಟ 36° ಸರಿದಿದೆ. ರೋಟರ್ ಎಷ್ಟು ಹಲ್ಲು ಜಾರಿದೆ? ಪೆನ್ನು ಎಷ್ಟು ದೂರ ಸರಿದಿದೆ? (5, 0.8 ಮಿ.ಮೀ.)
2. ಪೆನ್ನು 100ರ ಬದಲು 98 ಮಿ.ಮೀ. ಗೆರೆ ಎಳೆದು, ಪ್ರತಿ ಸಲ ಸರಿಯಾಗಿ ಆರಂಭಕ್ಕೆ ಮರಳುತ್ತದೆ. ಹೆಜ್ಜೆ ತಪ್ಪಿದೆಯೇ? ಕಾರಣ ಕೊಡಿ.
3. ಕರೆಂಟ್ ಹೆಚ್ಚಿಸಿದ ಮೇಲೆ ದೋಷ ಇನ್ನೂ ಹೆಚ್ಚಾಯಿತು. ಮುಂದಿನ ಪರೀಕ್ಷೆ ಯಾವುದು?

ಎರಡನೇ ಪ್ರಶ್ನೆಯನ್ನು ಬಿಡಬೇಡಿ. ದೋಷವೆಲ್ಲವೂ ತಪ್ಪಿದ ಹೆಜ್ಜೆಯಲ್ಲ ಎಂಬುದು ಮಗುವಿಗೆ ತಿಳಿದಿದೆಯೇ ಎಂದು ತೋರಿಸುವುದು ಅದೇ.

ಸಹಪ್ರಶಿಕ್ಷಣಾರ್ಥಿಗಳಿಗೆ

ಡ್ರೈವರಿಗೆ ವಿದ್ಯುತ್ ಇರುವಾಗ ಮೋಟಾರಿನ ತಂತಿ ಕಳಚಬಾರದು; ಡ್ರೈವರ್ ಸುಟ್ಟುಹೋಗಬಹುದು. ಕರೆಂಟ್ ತಿರುಪನ್ನು ಶಿಕ್ಷಕರೇ ತಿರುಗಿಸಲಿ. ಯಂತ್ರ ಒಂದೇ ಇದ್ದರೆ, ಸರದಿ ಕಾಯುವ ಗುಂಪುಗಳಿಗೆ ಬಾವುಟದ ಲೆಕ್ಕಗಳನ್ನು ಮತ್ತು ಊಹೆ ಬರೆಯುವ ಕೆಲಸವನ್ನು ಕೊಡಿ. ಯಂತ್ರ ಬೇಗ ಸರಿಹೋದರೆ ಸೆಟ್ಟಿಂಗ್ ಬದಲಿಸಿ ಬೇಕೆಂದೇ ಮತ್ತೆ ಹೆಜ್ಜೆ ತಪ್ಪಿಸಿ. ದೋಷವನ್ನು ಬೇಕಾದಾಗ ಬರಿಸಿ, ಬೇಕಾದಾಗ ಹೋಗಿಸಬಲ್ಲ ಗುಂಪಿಗೆ ಅದರ ಕಾರಣ ಗೊತ್ತಿದೆ ಎಂದು ಧೈರ್ಯವಾಗಿ ಅಂಕ ಕೊಡಬಹುದು.