ಉಯಿಲು ಬರೆಯಲು ವಕೀಲರೋ, ಗಣಕಯಂತ್ರವೋ?

ನಮ್ಮ ಶಾಲೆಯ ಪೋಷಕರಲ್ಲಿ ಹಲವರು ಈಚಿನ ದಿನಗಳಲ್ಲಿ ಕೇಳುತ್ತಿರುವ ಪ್ರಶ್ನೆಯೊಂದನ್ನು ಈ ಬಾರಿಯ ವಾರ್ಷಿಕ ಸಂಚಿಕೆಗೆ ವಿಷಯವಾಗಿ ಆರಿಸಿಕೊಂಡಿದ್ದೇನೆ. ಮನೆಯ ಹಿರಿಯರು ತಮ್ಮ ಆಸ್ತಿಪಾಸ್ತಿಗಳನ್ನು ಕುರಿತು ಉಯಿಲು ಬರೆದಿಡಬೇಕೆಂದು ಬಯಸಿದರೆ ವಕೀಲರ ಬಳಿಗೆ ಹೋಗತಕ್ಕದ್ದೋ, ಇಲ್ಲವೆ ಅಂತರ್ಜಾಲದಲ್ಲಿ ಅಲ್ಪ ಶುಲ್ಕಕ್ಕೆ ಉಯಿಲನ್ನು ಸಿದ್ಧಪಡಿಸಿಕೊಡುವ ಸಂಸ್ಥೆಗಳನ್ನು ಆಶ್ರಯಿಸಬಹುದೋ ಎಂಬುದೇ ಆ ಪ್ರಶ್ನೆ. ಹೈಸ್ಕೂಲಿನ ಬಾಲಕ ಬಾಲಿಕೆಯರಿಗೆ ಉಯಿಲಿನ ಗೊಡವೆ ಏತಕ್ಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಇಂದು ಅನೇಕ ಮನೆಗಳಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು, ಇಂಗ್ಲಿಷಿನಲ್ಲಿರುವ ನಮೂನೆಗಳನ್ನು ಓದಿ, ತಾತನ ಪರವಾಗಿ ತುಂಬತಕ್ಕವರು ಆ ಮಕ್ಕಳೇ. ನಾನು ಉಪಾಧ್ಯಾಯನೇ ಹೊರತು ನ್ಯಾಯವಾದಿಯಲ್ಲ. ಆದರೂ ಕಾಯಿದೆಯ ಪುಸ್ತಕಗಳು ಓದುಬರಹ ಬಲ್ಲ ಯಾರಿಗೂ ನಿಷಿದ್ಧವಾದವುಗಳಲ್ಲ.

ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಏಳಲು ಕಾರಣವುಂಟು. ಮೊದಲು ಸೇಲಂ ಜಿಲ್ಲೆಗೂ, 1965ರಿಂದ ಧರ್ಮಪುರಿ ಜಿಲ್ಲೆಗೂ, 2004ರಿಂದ ಕೃಷ್ಣಗಿರಿ ಜಿಲ್ಲೆಗೂ ಸೇರಿದ ಹೊಸೂರು ಬಹುಕಾಲ ರಾಗಿ, ಅವರೆ, ಹುರುಳಿಗಳ ನಾಡಾಗಿತ್ತು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶವು ಇಲ್ಲಿ ಬೇರೂರಿತು. 2019ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಎಕರೆಯ ಲೆಕ್ಕದಲ್ಲಿ ಮಾತನಾಡುತ್ತಿದ್ದ ಹೊಲವನ್ನು ಈಗ ಚದರಡಿಯ ಲೆಕ್ಕದಲ್ಲಿ ಮಾತನಾಡುತ್ತಾರೆ. ಬೆಲೆ ಏರಿದ ಕಡೆ ವ್ಯಾಜ್ಯವೂ ಏರುವುದು ಲೋಕರೂಢಿ. ಇದರ ಜೊತೆಗೆ ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೊಂದು ವಿಶೇಷವಿದೆ. ತಳಿಯಲ್ಲಿಯೋ ಬಾಗಲೂರಿನಲ್ಲಿಯೋ ಇರುವ ಅಜ್ಜಿ ಕನ್ನಡವನ್ನು ಮಾತ್ರ ಓದಬಲ್ಲಳು. ಹೊಲದ ಪಟ್ಟಾ ಚಿಟ್ಟಾಗಳು ತಮಿಳಿನಲ್ಲಿವೆ. ಆನೇಕಲ್ಲಿನ ಕಡೆ ತವರಿನಿಂದ ಬಂದ ಭೂಮಿಯಿದ್ದರೆ ಅದರ ಪಹಣಿ ಕನ್ನಡದಲ್ಲಿದೆ. ಬೆಂಗಳೂರಿನಲ್ಲಿರುವ ಮಗನು ತುಂಬುವ ನಮೂನೆ ಇಂಗ್ಲಿಷಿನದು. ಒಂದೇ ಮನೆಯ ಆಸ್ತಿಗೆ ಮೂರು ಭಾಷೆಗಳು! ಉಯಿಲಿನ ವಿಷಯದಲ್ಲಿ ನಮ್ಮವರು ಎಚ್ಚರ ವಹಿಸಬೇಕಾದುದು ಮುಖ್ಯವಾಗಿ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಉಯಿಲೆಂದರೇನೆಂಬುದನ್ನು ತಿಳಿಯೋಣ. ತನ್ನ ಮರಣಾನಂತರ ತನ್ನ ಆಸ್ತಿಯು ಯಾರಿಗೆ, ಹೇಗೆ ಸೇರಬೇಕೆಂಬ ಇಚ್ಛೆಯನ್ನು ಒಬ್ಬನು ಶಾಸನಸಮ್ಮತವಾಗಿ ಪ್ರಕಟಪಡಿಸುವ ಪತ್ರವೇ ಉಯಿಲು. ಗ್ರಂಥಸ್ಥ ಭಾಷೆಯಲ್ಲಿ ಇದನ್ನು ಮರಣಶಾಸನವೆನ್ನುವರು. ಇಂಗ್ಲಿಷಿನ 'ವಿಲ್' ಎಂಬ ಮಾತೇ ಕನ್ನಡದಲ್ಲಿಯೂ ತಮಿಳಿನಲ್ಲಿಯೂ 'ಉಯಿಲು' ಎಂದಾಗಿ ನೆಲೆಸಿರುವುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು. ಇದಕ್ಕೆ ಆಧಾರವಾದ ಶಾಸನ 1925ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರ 59ನೆಯ ಕಲಮಿನ ಪ್ರಕಾರ, ಪ್ರಾಪ್ತವಯಸ್ಕನೂ ಸ್ವಸ್ಥಚಿತ್ತನೂ ಆದ ಯಾರೇ ಆಗಲಿ ಉಯಿಲು ಬರೆಯಬಹುದು. 63ನೆಯ ಕಲಮು ಅದರ ವಿಧಿಯನ್ನು ಹೇಳುತ್ತದೆ: ಬರೆಸಿದವನು ರುಜು ಮಾಡಬೇಕು ಅಥವಾ ತನ್ನ ಗುರುತನ್ನು ಹಾಕಬೇಕು, ಕಡಮೆಯೆಂದರೆ ಇಬ್ಬರು ಸಾಕ್ಷಿಗಳು ಆ ರುಜುವನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೆ 'ಇದು ನನ್ನ ರುಜು' ಎಂದು ಅವನ ಬಾಯಿಂದ ಕೇಳಿರಬೇಕು, ಆಮೇಲೆ ಆ ಸಾಕ್ಷಿಗಳು ಅವನ ಎದುರಿನಲ್ಲಿಯೇ ತಮ್ಮ ರುಜುಗಳನ್ನು ಹಾಕಬೇಕು. ಇಷ್ಟೇ. ಛಾಪಾಕಾಗದ ಬೇಕಿಲ್ಲ, ಬಿಳಿಯ ಹಾಳೆ ಸಾಕು. ನೋಂದಣಿಯು ಐಚ್ಛಿಕ. ಇದಕ್ಕಿಂತ ಸೋಜಿಗವಾದುದು 74ನೆಯ ಕಲಮು. ಉಯಿಲಿನಲ್ಲಿ ಪಾರಿಭಾಷಿಕ ಪದಗಳನ್ನು ಬಳಸಬೇಕಾದ ಅಗತ್ಯವಿಲ್ಲ, ಬರೆದವನ ಇಂಗಿತ ತಿಳಿಯುವಂತಿದ್ದರೆ ಸಾಕು, ಎಂದು ಅದು ಸಾರುತ್ತದೆ. (ಮುಸಲ್ಮಾನ ಪೋಷಕರಿಗೆ ಅವರದೇ ಆದ ವೈಯಕ್ತಿಕ ನ್ಯಾಯವುಂಟು, ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲಗಳು ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗಕ್ಕೆ ಮೀರಿ, ವಾರಸುದಾರರ ಒಪ್ಪಿಗೆಯಿಲ್ಲದೆ, ಅವರು ಉಯಿಲಿನಿಂದ ಕೊಡಲಾಗದು.)

ಹೀಗಿರುವಲ್ಲಿ ವಕೀಲರ ರುಜುವಾಗಲಿ ಮೊಹರಾಗಲಿ ಉಯಿಲಿಗೆ ಅವಶ್ಯವಲ್ಲವೆಂಬುದು ಸ್ಪಷ್ಟ. ಹಾಗೆಯೇ ಗಣಕಯಂತ್ರವು ಉಯಿಲನ್ನು 'ಮಾಡಿಕೊಡುತ್ತದೆ' ಎಂಬ ಮಾತೂ ಸರಿಯಲ್ಲ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ದಾಖಲೆಗಳಿಗೂ ವಿದ್ಯುನ್ಮಾನ ರುಜುಗಳಿಗೂ ಮಾನ್ಯತೆಯನ್ನು ಕೊಟ್ಟಿತಷ್ಟೆ. ಆದರೆ ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದು ಅನ್ವಯಿಸದ ಪತ್ರಗಳ ಪಟ್ಟಿಯೊಂದಿದೆ. ಉಯಿಲು ಆ ಪಟ್ಟಿಗೆ ಸೇರಿದೆ. 2022ರಲ್ಲಿ ಪಟ್ಟಿಯನ್ನು ತಿದ್ದಿದಾಗಲೂ ಉಯಿಲನ್ನು ಅದರಿಂದ ತೆಗೆಯಲಿಲ್ಲ. ಆದುದರಿಂದ ಪರದೆಯ ಮೇಲೆ ಬೆರಳಿಟ್ಟು ಒಪ್ಪಿಗೆಯೆಂದರೆ, ಆಧಾರ್ ಸಂಖ್ಯೆಯ ಮೂಲಕ ರುಜು ಹಾಕಿದರೆ, ಅದು ಉಯಿಲಾಗುವುದಿಲ್ಲ. ಅಂತರ್ಜಾಲದ ಸಂಸ್ಥೆಯು ಕೊಡುವುದು ಕರಡನ್ನು ಮಾತ್ರ. ಅದನ್ನು ಕಾಗದದ ಮೇಲೆ ಮುದ್ರಿಸಿ, ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು, ಲೇಖನಿಯಿಂದ ರುಜು ಮಾಡಿದಾಗಲೇ ಅದಕ್ಕೆ ಜೀವ ಬರುತ್ತದೆ. ಹಣ ಕೊಟ್ಟು ಕರಡನ್ನು ಪಡೆದು, ಕೆಲಸ ಮುಗಿಯಿತೆಂದು ಸುಮ್ಮನಿರುವವರ ಮನೆಯಲ್ಲಿ ಉಯಿಲೇ ಇಲ್ಲ.

ಹಾಗಾದರೆ ವ್ಯಾಜ್ಯ ಬಂದಾಗ ನ್ಯಾಯಾಸ್ಥಾನವು ಏನನ್ನು ನೋಡುತ್ತದೆ? ಇದಕ್ಕೆ ನಮ್ಮ ನೆರೆಯ ಮೈಸೂರು ಸೀಮೆಯಿಂದಲೇ ಹೊರಟ ಒಂದು ಮೊಕದ್ದಮೆ ಇಂದಿಗೂ ದೇಶಕ್ಕೆಲ್ಲ ಮಾರ್ಗದರ್ಶಕವಾಗಿದೆ. ಲಕ್ಷ್ಮಮ್ಮನೆಂಬಾಕೆ 1945ರಲ್ಲಿ ಬರೆಸಿದಳೆನ್ನಲಾದ ಉಯಿಲೊಂದರ ವಿವಾದವು ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ. ಎನ್. ತಿಮ್ಮಾಜಮ್ಮನವರ ನಡುವಣ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟನ್ನು ಮುಟ್ಟಿ, 1958ರ ನವೆಂಬರ್ ತಿಂಗಳಿನಲ್ಲಿ ತೀರ್ಮಾನವಾಯಿತು. ಉಯಿಲನ್ನು ಮುಂದೊಡ್ಡಿದವರು ಅದರ ನಿರ್ವಾಹಕರು. ಅದನ್ನು ಬರೆಸುವುದರಲ್ಲಿ ಅವರದೇ ಪ್ರಮುಖ ಪಾತ್ರ. ಅದರಿಂದ ಗಣನೀಯ ಲಾಭ ಪಡೆಯತಕ್ಕವರು ಅವರ ಮಕ್ಕಳು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ತೀರ್ಪಿನಲ್ಲಿ ಆ ಉಯಿಲು ನಿಲ್ಲಲಿಲ್ಲ. ಅಲ್ಲಿ ಸ್ಥಾಪಿತವಾದ ತತ್ತ್ವವಿಷ್ಟು: ರುಜುವಿನಲ್ಲಿ ಶಂಕೆ, ಬರೆಸಿದವರ ಮನಸ್ಸಿನ ದೌರ್ಬಲ್ಯ, ಅಸಹಜವಾದ ಹಂಚಿಕೆ, ಫಲ ಪಡೆಯುವವನೇ ಮುಂದೆ ನಿಂತು ಬರೆಸಿದುದು, ಇಂಥ ಸಂದೇಹದ ಸಂದರ್ಭಗಳಿದ್ದರೆ, ಅವನ್ನೆಲ್ಲ ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವನದೇ. ಬರೆಸಿದವರು ಅದರ ಒಕ್ಕಣೆಯನ್ನು ತಿಳಿದು ಒಪ್ಪಿ ರುಜು ಮಾಡಿದರೆಂಬುದು ನ್ಯಾಯಾಧೀಶರ ಮನಸ್ಸಿಗೆ ನಾಟಬೇಕು.

ಈ ತತ್ತ್ವವನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಮೇಲೆ ಹೇಳಿದ ಅಜ್ಜಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದಿಟ್ಟುಕೊಳ್ಳಿ. ಬೆಂಗಳೂರಿನ ಮಗನು ಬಿಡುವಿನ ದಿನ ಊರಿಗೆ ಬಂದು, ಮೊಬೈಲಿನಲ್ಲಿ ಇಂಗ್ಲಿಷ್ ನಮೂನೆಯನ್ನು ತಾನೇ ತುಂಬಿ, ಮುದ್ರಿಸಿ ತಂದು, ಅಜ್ಜಿಯ ಹೆಬ್ಬೆಟ್ಟಿನ ಗುರುತನ್ನು ಒತ್ತಿಸಿಕೊಂಡನು. ಅವನ ಮನಸ್ಸಿನಲ್ಲಿ ಕಪಟವಿಲ್ಲದಿರಬಹುದು. ಅಜ್ಜಿಯ ಇಚ್ಛೆಯೂ ಅದೇ ಇದ್ದಿರಬಹುದು. ಆದರೆ ಹತ್ತು ವರ್ಷಗಳ ತರುವಾಯ ಅಜ್ಜಿ ಇಲ್ಲದಾಗ, 'ನಮ್ಮ ತಾಯಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು' ಎಂದು ಮಗಳು ನ್ಯಾಯಾಸ್ಥಾನದಲ್ಲಿ ನಿಂತು ಹೇಳಿದರೆ ಆ ಮಗನು ಏನೆಂದು ಉತ್ತರ ಕೊಟ್ಟಾನು? ನಮೂನೆಯನ್ನು ಕಳುಹಿಸಿದ ಸಂಸ್ಥೆಯವರು ಅಜ್ಜಿಯ ಮುಖವನ್ನೇ ಕಂಡವರಲ್ಲ.

ಆದುದರಿಂದ ಕನ್ನಡ ಬಲ್ಲವರ ಉಯಿಲು ಕನ್ನಡದಲ್ಲಿಯೇ ಇರುವುದು ಲೇಸು. ಉಯಿಲು ಇಂಥ ಭಾಷೆಯಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. 'ಕನ್ನಡದ ಪತ್ರವನ್ನು ತಮಿಳುನಾಡಿನ ನೋಂದಣಿ ಕಛೇರಿಯಲ್ಲಿ ತೆಗೆದುಕೊಳ್ಳುವರೆ?' ಎಂದು ಅನೇಕರು ಅಂಜುತ್ತಾರೆ. 1908ರ ನೋಂದಣಿ ಕಾಯಿದೆಯ 19ನೆಯ ಕಲಮು ಇದಕ್ಕೆ ದಾರಿಯನ್ನು ತೋರಿಸಿದೆ. ನೋಂದಣಾಧಿಕಾರಿಗೆ ತಿಳಿಯದ ಹಾಗೂ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರವಾದರೂ, ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಭಾಷೆಗೆ ಮಾಡಿದ ಯಥಾರ್ಥ ಅನುವಾದವನ್ನೂ ಒಂದು ಯಥಾಪ್ರತಿಯನ್ನೂ ಜೊತೆಗಿಟ್ಟರೆ ಅದನ್ನು ನೋಂದಾಯಿಸಬಹುದು. ಕನ್ನಡದ ಮೂಲ, ತಮಿಳಿನ ಅನುವಾದ, ಎರಡನ್ನೂ ಒಯ್ದರೆ ಆತಂಕವಿಲ್ಲ. ಅನಿವಾರ್ಯವಾಗಿ ಬೇರೆ ಭಾಷೆಯಲ್ಲಿ ಬರೆಸಿದರೆ ಕೊನೆಯಲ್ಲಿ ಇಂಥದೊಂದು ವಾಕ್ಯವಿರಲಿ: 'ಈ ಉಯಿಲನ್ನು ನನಗೆ ಕನ್ನಡದಲ್ಲಿ ಓದಿ ವಿವರಿಸಲಾಯಿತು, ಇದರ ಒಕ್ಕಣೆಯನ್ನು ಚೆನ್ನಾಗಿ ತಿಳಿದುಕೊಂಡು, ಯಾರ ಒತ್ತಾಯಕ್ಕೂ ಒಳಗಾಗದೆ, ಕೆಳಗೆ ಕಂಡ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ರುಜು ಮಾಡಿರುತ್ತೇನೆ.' ಓದಿ ವಿವರಿಸಿದವರ ಹೆಸರು, ವಿಳಾಸ, ರುಜುಗಳೂ ಇರತಕ್ಕದ್ದು. ಅವರು ಫಲ ಪಡೆಯುವವರಲ್ಲಿ ಒಬ್ಬರಾಗಿರಬಾರದು. ವಾಕ್ಯವನ್ನು ಬರೆದರೆ ಮಾತ್ರ ಸಾಲದು, ಓದುವುದನ್ನೂ ನಿಜವಾಗಿ ಮಾಡಬೇಕು.

ಇನ್ನು ನಮೂನೆಯ ಮತ್ತೊಂದು ಕೊರತೆ. 'ನಿಮ್ಮ ಆಸ್ತಿ ಯಾವುದು? ಯಾರಿಗೆ ಕೊಡುವಿರಿ?' ಎಂದು ಅದು ಕೇಳುತ್ತದೆ. ಆ ಆಸ್ತಿ ನಿಮಗೆ ಹೇಗೆ ಬಂತೆಂಬುದನ್ನು ಕೆದಕಿ ಕೇಳುವುದು ಅಪೂರ್ವ. ಅನುಭವಸ್ಥರಾದ ವಕೀಲರು ಮೊದಲು ಕೇಳುವುದೇ ಅದನ್ನು: ಮೂಲಪತ್ರವೆಲ್ಲಿ, ವಿಭಾಗಪತ್ರವಾಗಿದೆಯೆ, ಪಟ್ಟಾ ಯಾರ ಹೆಸರಿನಲ್ಲಿದೆ, ವಿಲ್ಲಂಗ ಪತ್ರದಲ್ಲಿ ಏನು ಕಾಣುತ್ತದೆ? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮಿನ ಪ್ರಕಾರ ಹಿಂದೂವಾದವನು ತನ್ನ ಸ್ವಯಾರ್ಜಿತವನ್ನೆಲ್ಲ ಉಯಿಲಿನಿಂದ ಕೊಡಬಹುದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಾದರೋ ತನ್ನ ಪಾಲನ್ನು ಮಾತ್ರ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕನ್ನು ಕೊಡುವ ತಿದ್ದುಪಡಿಯನ್ನು ತಮಿಳುನಾಡು 1989ರಲ್ಲಿಯೂ ಕರ್ನಾಟಕವು 1994ರಲ್ಲಿಯೂ ಮಾಡಿದವು. ಅವೆರಡರಲ್ಲೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಕೈಬಿಟ್ಟಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಇದನ್ನರಿಯದೆ ತಾತನು 'ನನ್ನ ಜಮೀನೆಲ್ಲವೂ ಹಿರಿಯ ಮಗನಿಗೆ' ಎಂದು ನಮೂನೆಯಲ್ಲಿ ತುಂಬಿಸಿದರೆ ಯಂತ್ರವು ಅಡ್ಡಿ ಹೇಳದೆ ಅಚ್ಚು ಹಾಕಿಕೊಡುತ್ತದೆ. ತನ್ನದಲ್ಲದ ಪಾಲನ್ನು ಕೊಟ್ಟ ಉಯಿಲು ಅಷ್ಟರಮಟ್ಟಿಗೆ ವ್ಯರ್ಥ. ಬ್ಯಾಂಕಿನಲ್ಲಿ ನಾಮಿನಿಯ ಹೆಸರನ್ನು ಬರೆಸಿದ್ದರೆ ಉಯಿಲೇ ಬೇಡವೆಂಬ ನಂಬಿಕೆಯೂ ನಮ್ಮಲ್ಲಿದೆ. ನಾಮಿನಿಯು ಠೇವಣಿಯ ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲ, ವಾರಸುದಾರರಿಗೆ ಅವನು ಲೆಕ್ಕ ಒಪ್ಪಿಸಬೇಕು.

ಹೀಗೆಂದ ಮಾತ್ರಕ್ಕೆ ಅಂತರ್ಜಾಲದ ನಮೂನೆಯನ್ನು ಎಲ್ಲರೂ ವರ್ಜಿಸಬೇಕೆಂದು ನಾನು ಹೇಳಲಾರೆ. ಕಾರ್ಖಾನೆಯಲ್ಲಿ ದುಡಿದು ಸ್ವಂತ ಹಣದಿಂದ ಕಟ್ಟಿಸಿದ ಒಂದು ಮನೆ, ಬ್ಯಾಂಕಿನ ಠೇವಣಿ, ಪತ್ನಿ, ಎರಡು ಮಕ್ಕಳು, ಯಾರಲ್ಲೂ ಮನಸ್ತಾಪವಿಲ್ಲ. ಇಂಗ್ಲಿಷನ್ನು ತಾನೇ ಓದಿ ತಿಳಿಯಬಲ್ಲ. ಇಂಥವನಿಗೆ ನಮೂನೆ ಧಾರಾಳವಾಗಿ ಸಾಕು. ಬಿಳಿಯ ಹಾಳೆಯಲ್ಲಿ ಸ್ವಹಸ್ತದಿಂದ ಬರೆದರೂ ಸಾಕು. ಮರೆತ ಬಾಬುಗಳನ್ನು ನೆನಪಿಗೆ ತರುವ ಪಟ್ಟಿಯಾಗಿ ನಮೂನೆಗೆ ಬೆಲೆಯುಂಟು. ಆದರೆ ಪಿತ್ರಾರ್ಜಿತ ಭೂಮಿ, ಗಡಿಯ ಎರಡೂ ಕಡೆ ಆಸ್ತಿ, ಎರಡನೆಯ ವಿವಾಹ, ಬುದ್ಧಿಮಾಂದ್ಯನಾದ ಮಗು, ಒಬ್ಬ ವಾರಸುದಾರನನ್ನು ಬಿಟ್ಟು ಕೊಡುವ ಉದ್ದೇಶ, ಇವುಗಳಲ್ಲಿ ಒಂದಿದ್ದರೂ ವಕೀಲರಿಗೆ ಕೊಡುವ ಶುಲ್ಕವು ದಂಡವಲ್ಲ. ವಕೀಲರಲ್ಲಿಯೂ ಹಳೆಯ ಕರಡೊಂದರಲ್ಲಿ ಹೆಸರನ್ನು ಬದಲಿಸಿಕೊಡುವವರು ಇಲ್ಲದಿಲ್ಲ. ಹಿರಿಯರನ್ನು ಒಬ್ಬರನ್ನೇ ಕೂರಿಸಿಕೊಂಡು, ಮಕ್ಕಳನ್ನು ಹೊರಗೆ ಕಳುಹಿಸಿ, ಅವರ ಮಾತಿನಲ್ಲಿಯೇ ವಿಚಾರಿಸುವ ವಕೀಲರನ್ನು ಹುಡುಕಬೇಕು. ಕನ್ನಡ ಬಲ್ಲ ವಕೀಲರಿಗೆ ಹೊಸೂರಿನಲ್ಲಿ ಬರಗಾಲವಿಲ್ಲ. ಶುಲ್ಕ ಕೊಡಲಾರದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯುಂಟು. ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅದರ ಪ್ರಕಾರ ಉಚಿತ ಕಾನೂನು ಸಲಹೆಯನ್ನು ಪಡೆಯಲು ಅರ್ಹರು.

ಸಾಕ್ಷಿಗಳ ವಿಷಯದಲ್ಲಿ ಎರಡು ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೆಯ ಕಲಮಿನ ಪ್ರಕಾರ, ಹಿಂದಿನ 1872ರ ಕಾಯಿದೆಯಲ್ಲಿದ್ದಂತೆಯೇ, ಸಾಕ್ಷಿಗಳಲ್ಲಿ ಒಬ್ಬನು ಬದುಕಿದ್ದು ನುಡಿಯಲು ಶಕ್ತನಾಗಿದ್ದರೆ ಅವನನ್ನು ಕರೆಸಿಯೇ ಉಯಿಲನ್ನು ರುಜುವಾತುಪಡಿಸಬೇಕು. ನೋಂದಾಯಿಸಿದ ಉಯಿಲಿಗೂ ಇದರಿಂದ ವಿನಾಯಿತಿಯಿಲ್ಲ. ಆದ್ದರಿಂದ ಬರೆಸುವವರಿಗಿಂತ ಕಿರಿಯರಾದ, ಆದರೆ ಪ್ರಾಪ್ತವಯಸ್ಕರಾದ, ಊರಿನಲ್ಲಿ ನೆಲೆಯಾಗಿರುವ, ಉಯಿಲಿನಿಂದ ಏನನ್ನೂ ಪಡೆಯದ ಇಬ್ಬರನ್ನು ಆರಿಸಬೇಕು. ಹಿರಿಯರಿಗೆ ಕಾಯಿಲೆಯಿದ್ದರೆ ಅವರನ್ನು ನೋಡುತ್ತಿರುವ ವೈದ್ಯರೇ ಒಬ್ಬ ಸಾಕ್ಷಿಯಾದರೆ ಮತ್ತೂ ಒಳ್ಳೆಯದು. ರುಜುವಾದ ಮೇಲೆ ಒಂದಕ್ಷರವನ್ನು ತಿದ್ದಿದರೂ ಅದರ ಬಳಿ ಮತ್ತೆ ಎಲ್ಲರ ರುಜುಗಳು ಬೇಕು. ಅದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ. ಉಯಿಲನ್ನು ಎಷ್ಟು ಸಲವಾದರೂ ಬದಲಿಸಬಹುದು, ಕಡೆಯದೇ ಊರ್ಜಿತ. ಈ ಸೌಲಭ್ಯ ದಾನಪತ್ರಕ್ಕಿಲ್ಲ. ಬದುಕಿರುವಾಗಲೇ ಮಗನ ಹೆಸರಿಗೆ ಸೆಟಲ್‌ಮೆಂಟ್ ಬರೆದುಕೊಟ್ಟು, ತರುವಾಯ ತುತ್ತು ಅನ್ನಕ್ಕೆ ಅವನ ಮುಖವನ್ನು ನೋಡಬೇಕಾಗಿ ಬಂದವರನ್ನು ನಾವೆಲ್ಲ ಬಲ್ಲೆವು.

ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಕ್ಷೇಮ. ನಡೆಯಲಾರದವರ ಮನೆಗೆ ಅಧಿಕಾರಿಯೇ ಬರುವಂತೆ ಕೋರಲು ಅವಕಾಶವಿದೆ. ಉಪನೋಂದಣಿ ಕಛೇರಿಯಲ್ಲಿ ಉಯಿಲುಗಳಿಗೆಂದೇ 3ನೆಯ ಪುಸ್ತಕವೆಂಬ ಪ್ರತ್ಯೇಕ ದಾಖಲೆಯುಂಟು. ಬರೆಸಿದವರು ಜೀವಂತವಾಗಿರುವ ತನಕ ಅದರ ನಕಲು ಅವರಿಗೆ ಅಥವಾ ಅವರ ಮುಖ್ತಾರರಿಗೆ ಮಾತ್ರ ದೊರೆಯುವುದು; ಮರಣಾನಂತರ ಅರ್ಜಿ ಹಾಕಿದ ಯಾರಿಗಾದರೂ ಕೊಡುವರು. ಮನೆಯವರಿಗೂ ತಿಳಿಯಬಾರದೆಂದಿದ್ದರೆ ಉಯಿಲನ್ನು ಲಕೋಟೆಯಲ್ಲಿಟ್ಟು ಅರಗಿನ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ವಶಕ್ಕೆ ಒಪ್ಪಿಸುವ ಪದ್ಧತಿಯೂ ಅದೇ ಕಾಯಿದೆಯಲ್ಲಿದೆ. ಮನೆಯಲ್ಲಿಯೇ ಇಡುವುದಾದರೆ ರುಜುವಿರುವ ಮೂಲಪ್ರತಿಯು ಯಾವ ಪೆಟ್ಟಿಗೆಯಲ್ಲಿದೆಯೆಂಬುದನ್ನು ನಂಬಿಕಸ್ಥರೊಬ್ಬರಿಗೆ ತಿಳಿಸಿರಬೇಕು. ಅಂತರ್ಜಾಲದ ಖಾತೆಯಲ್ಲಿ ಉಳಿದಿರುವ ಪ್ರತಿಯಲ್ಲಿ ತಾತನ ರುಜುವೂ ಇರುವುದಿಲ್ಲ, ಸಾಕ್ಷಿಗಳ ರುಜುಗಳೂ ಇರುವುದಿಲ್ಲ.